ಪಾವಗಡದ ಬಿಸಿಲು, ಪಾವಗಡದ ನೀರು

ಮಧುಗಿರಿಯಿಂದ ಉತ್ತರಕ್ಕೆ ಪಾವಗಡದ ಕಡೆ ಬಸ್ಸಿನಲ್ಲಿ ಪ್ರಯಾಣ ಮಾಡುವವರ ಕಣ್ಣಿಗೆ ಮೊದಲು ಬೀಳುವುವು ಎರಡು: ಮೇಲೆ ಕಾಯುವ ಬಿಸಿಲು, ಇಕ್ಕೆಲಗಳಲ್ಲಿ ಎದ್ದು ನಿಂತ ಬೋಳು ಬಂಡೆ. ಇವೆರಡೂ ಅಲ್ಲಿ ಬೇಕಾದಷ್ಟುಂಟು. ಮೂರನೆಯದಾದ ನೀರು ಮಾತ್ರ ಕಾಣಸಿಗುವುದು ಅಪರೂಪ. ಅದು ನೆಲದ ಆಳದಲ್ಲಿ, ಕೊಳವೆ ಬಾವಿಗಳ ತಳದಲ್ಲಿ ಅಡಗಿರುವುದು. ಅದನ್ನು ಮೇಲಕ್ಕೆತ್ತಿದಾಗಲೂ ಅದು ಒಂದೇ ಬರುವುದಿಲ್ಲ. ಬಂಡೆಯ ಒಂದಂಶವನ್ನು ತನ್ನೊಡನೆ ಕರೆತರುವುದು.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯಾಗಿದೆ. ಈ ಸೀಮೆಯಿಂದ ಬಂದ ವಿದ್ಯಾರ್ಥಿಯೊಬ್ಬ ಒಮ್ಮೆ ನಮ್ಮನ್ನು ಕೇಳಿದ: “ಸಾರ್, ರಸಾಯನಶಾಸ್ತ್ರದ ಪದವಿಯ ಮೇಲಿನ ತರಗತಿಗಳಲ್ಲಿ ಗಣನ ರಸಾಯನ, ಕ್ರಿಯಾವರ್ಧನೆ, ದ್ರವ್ಯವಿಜ್ಞಾನ ಎಂದು ಮೂರು ಪಾಠಗಳಿವೆಯಂತೆ. ಒಂದಕ್ಕೂ ಇನ್ನೊಂದಕ್ಕೂ ಏನು ಸಂಬಂಧ? ಇವುಗಳಿಂದ ನಮ್ಮ ಊರಿಗೇನು ಪ್ರಯೋಜನ?”

ನಾವು ಭೌತಶಾಸ್ತ್ರವನ್ನು ಬೋಧಿಸುವವರು. ನೆರೆಮನೆಯ ಅಡಿಗೆಯ ವಿಚಾರ ಮಾತನಾಡುವುದು ಅಧಿಕಪ್ರಸಂಗವೆನಿಸಬಹುದು. ಆದರೆ ಪ್ರಶ್ನೆ ನ್ಯಾಯವಾದದ್ದು. ಅಲ್ಲದೆ ಆ ಹುಡುಗನ ಹಲ್ಲುಗಳ ಮೇಲೆ ಕಂದು ಬಣ್ಣದ ಗೆರೆಗಳಿದ್ದುವು. ಅವನ ಪ್ರಶ್ನೆಗೆ ಉತ್ತರದ ಮೊದಲ ಭಾಗ ಅವನ ಬಾಯಲ್ಲಿಯೇ ಇತ್ತು. ಆ ಉತ್ತರವನ್ನು ವಾಚಕರ ಮುಂದೆಯೂ ಇಡುವುದು ಈ ಲೇಖನದ ಉದ್ದೇಶ.

ಬಂಡೆಯಿಂದ ಬಾವಿಗೆ

ಮಧುಗಿರಿಯ ಏಕಶಿಲಾ ಬೆಟ್ಟವನ್ನು ನೋಡದವರು ಈ ಸೀಮೆಯಲ್ಲಿ ವಿರಳ. ರಾಮನಗರದಿಂದ ಉತ್ತರಕ್ಕೆ ಮಧುಗಿರಿ, ಪಾವಗಡಗಳನ್ನು ಹಾಯ್ದು ಹೋಗುವ ಗ್ರಾನೈಟು ಶಿಲೆಯ ಒಂದು ಉದ್ದನೆಯ ಪಟ್ಟಿಯುಂಟು. ರಾಮನಗರದ ಹಳೆಯ ಹೆಸರಿನಿಂದ ಅದನ್ನು ‘ಕ್ಲೋಸ್‌ಪೇಟೆ ಗ್ರಾನೈಟು’ ಎಂದು ಭೂವಿಜ್ಞಾನಿಗಳು ಕರೆಯುವರು. ಅದರ ವಯಸ್ಸು ಸುಮಾರು 250 ಕೋಟಿ ವರ್ಷಗಳು. ಇಂಥ ಶಿಲೆಗಳಲ್ಲಿ ಕಾಗೆಬಂಗಾರದ ಜಾತಿಗೆ ಸೇರಿದ ಬಯೊಟೈಟು, ಅಪಟೈಟು, ಫ್ಲೋರೈಟು ಮುಂತಾದ ಖನಿಜಗಳಿರುವುವು. ಇವುಗಳಲ್ಲಿ ಫ್ಲೋರಿನ್ ಧಾತು ಸೇರಿಕೊಂಡಿದೆ. ಮಳೆ ಕಡಮೆಯಿರುವ ಸೀಮೆಯಲ್ಲಿ ನೀರು ಶಿಲೆಯ ಬಿರುಕುಗಳೊಳಗೆ ಬಹುಕಾಲ ನಿಲ್ಲುವುದು. ನಿಂತಷ್ಟೂ ಖನಿಜಗಳಿಂದ ಫ್ಲೋರೈಡು ಅಯಾನುಗಳು ನೀರಿಗೆ ಇಳಿಯುವುವು.

ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರೇ ಇಲ್ಲದಿದ್ದಾಗ 1.5 ಮಿಲಿಗ್ರಾಂವರೆಗೆ ಸಹಿಸಬಹುದು. ಪಾವಗಡ ಸೀಮೆಯ ಅನೇಕ ಕೊಳವೆ ಬಾವಿಗಳ ನೀರು ಈ ಎಲ್ಲೆಯನ್ನು ದಾಟಿದೆ. ಎಳೆಯ ವಯಸ್ಸಿನಲ್ಲಿ, ಹಲ್ಲು ಒಸಡಿನೊಳಗೆ ರೂಪುಗೊಳ್ಳುತ್ತಿರುವಾಗ ಇಂಥ ನೀರನ್ನು ಕುಡಿದರೆ ಹಲ್ಲಿನ ಹೊರಕವಚ ಕೆಟ್ಟು ಕಂದು ಗೆರೆಗಳು ಮೂಡುವುವು. ಫ್ಲೋರೈಡಿನ ಪ್ರಮಾಣ ಇನ್ನೂ ಹೆಚ್ಚಾಗಿ, ಅದೇ ನೀರನ್ನು ಬಹುಕಾಲ ಕುಡಿದರೆ ಮೂಳೆಗಳು ಬಿಗಿದು ಬೆನ್ನು ಬಾಗುವುದು. ಈ ಮೂಳೆರೋಗವನ್ನು ನಮ್ಮ ದೇಶದಲ್ಲಿ ಮೊದಲು ವೈದ್ಯರು ವರ್ಣಿಸಿದ್ದು 1937ರಲ್ಲಿ, ನೆಲ್ಲೂರು ಜಿಲ್ಲೆಯಿಂದ.

ಇಲ್ಲಿ ಪದವಿ ತರಗತಿಯ ಒಂದು ಸಣ್ಣ ಲೆಕ್ಕವನ್ನು ಮಾಡೋಣ. ನೀರಿನಲ್ಲಿ ಕ್ಯಾಲ್ಸಿಯಂ ಇದ್ದರೆ ಅದು ಫ್ಲೋರೈಡಿನೊಡನೆ ಕೂಡಿ, ಸುಲಭವಾಗಿ ಕರಗದ ಕ್ಯಾಲ್ಸಿಯಂ ಫ್ಲೋರೈಡಾಗಿ ಕೆಳಗಿಳಿಯುವುದು. ಕರಗಿ ಉಳಿದ ಕ್ಯಾಲ್ಸಿಯಮ್ಮಿನ ಸಾರತೆಯನ್ನು ಫ್ಲೋರೈಡಿನ ಸಾರತೆಯ ವರ್ಗದಿಂದ ಗುಣಿಸಿದರೆ ಬರುವ ಗುಣಲಬ್ಧವು ನಿಯತವಾದದ್ದು. ಆದುದರಿಂದ ಲೀಟರಿಗೆ 40 ಮಿಲಿಗ್ರಾಂ ಕ್ಯಾಲ್ಸಿಯಂ ಇರುವ ನೀರಿನಲ್ಲಿ ಸುಮಾರು 3.5 ಮಿಲಿಗ್ರಾಂ ಫ್ಲೋರೈಡು ಕರಗಿರಬಲ್ಲುದು. ಕ್ಯಾಲ್ಸಿಯಂ ನಾಲ್ಕನೆಯ ಒಂದು ಪಾಲಿಗೆ, ಎಂದರೆ 10 ಮಿಲಿಗ್ರಾಮಿಗೆ ಇಳಿದರೆ ಫ್ಲೋರೈಡು ಇಮ್ಮಡಿಯಾಗಿ 7 ಮಿಲಿಗ್ರಾಮನ್ನು ಮುಟ್ಟಬಹುದು. ಬೇಳೆ ಚೆನ್ನಾಗಿ ಬೇಯುವ ಮೆದು ನೀರು ಒಳ್ಳೆಯ ನೀರೆಂದು ಮನೆಗಳಲ್ಲಿ ನಂಬುವರು. ಫ್ಲೋರೈಡಿನ ಮಟ್ಟಿಗೆ ಆ ನಂಬಿಕೆ ಮೋಸಗೊಳಿಸಬಹುದೆಂದು ಈ ಲೆಕ್ಕ ಎಚ್ಚರಿಸುವುದು. ಸುಣ್ಣವನ್ನೊಂದೇ ಹಾಕಿ ಫ್ಲೋರೈಡನ್ನು ಎಲ್ಲೆಯೊಳಗೆ ಇಳಿಸುವುದು ಏಕೆ ಕಷ್ಟವೆಂಬುದೂ ಇದರಿಂದಲೇ ತಿಳಿಯುವುದು. ನೀರನ್ನು ಕುದಿಸಿದರೆ ರೋಗಾಣುಗಳು ಸಾಯುವುವೇ ಹೊರತು ಫ್ಲೋರೈಡು ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದು ಸಾಂದ್ರವಾಗುವುದು.

ಮೇಲ್ಮೈಯ ಮಹಿಮೆ

ಹಾಗಾದರೆ ಫ್ಲೋರೈಡನ್ನು ತೆಗೆಯುವ ಬಗೆ ಹೇಗೆ? ಅದನ್ನು ಹಿಡಿದಿಟ್ಟುಕೊಳ್ಳುವ ಒಂದು ಘನದ್ರವ್ಯ ಬೇಕು. ದ್ರವ್ಯವಿಜ್ಞಾನದ ಪಾಠ ಇಲ್ಲಿಂದ ಮೊದಲಾಗುವುದು.

ಬಹುಕಾಲದಿಂದ ಬಳಕೆಯಲ್ಲಿರುವ ಅಂಥ ದ್ರವ್ಯವೆಂದರೆ ಕ್ರಿಯಾಶೀಲ ಅಲ್ಯೂಮಿನ. ಇದು ಅಲ್ಯೂಮಿನಿಯಂ ಮತ್ತು ಆಮ್ಲಜನಕಗಳ ಸಂಯುಕ್ತ. ನೋಡಲು ಬಿಳಿಯ ಸಣ್ಣ ಗುಂಡುಗಳಂತಿರುವುದು. ಇದರ ಗುಟ್ಟು ಇರುವುದು ಮೇಲ್ಮೈಯಲ್ಲಿ. ಒಂದು ಸೆಂಟಿಮೀಟರು ಅಂಚಿನ ಘನವೊಂದರ ಮೇಲ್ಮೈ 6 ಚದರ ಸೆಂಟಿಮೀಟರು ಮಾತ್ರ. ಅದನ್ನೇ ಮಿಲಿಮೀಟರಿನ ಲಕ್ಷದ ಒಂದು ಪಾಲಿನಷ್ಟು ಅಂಚುಳ್ಳ ಚಿಕ್ಕ ಘನಗಳಾಗಿ ಕತ್ತರಿಸಿದೆವೆನ್ನೋಣ. ದ್ರವ್ಯ ಅಷ್ಟೇ ಇರುವುದು. ಒಟ್ಟು ಮೇಲ್ಮೈ ಮಾತ್ರ 600 ಚದರ ಮೀಟರಿಗೆ ಏರುವುದು. ಕ್ರಿಯಾಶೀಲ ಅಲ್ಯೂಮಿನದ ಗುಂಡು ಒಳಗೆಲ್ಲ ಸೂಕ್ಷ್ಮರಂಧ್ರಗಳಿಂದ ಕೂಡಿರುವುದರಿಂದ ಅದರ ಒಂದು ಗ್ರಾಮಿನಲ್ಲಿ 200ರಿಂದ 300 ಚದರ ಮೀಟರು ಮೇಲ್ಮೈ ದೊರೆಯುವುದು. ಸುಮಾರು ಎರಡು ಕಬಡ್ಡಿ ಅಂಗಣಗಳಷ್ಟು ವಿಸ್ತಾರ ಒಂದು ಚಿಟಿಕೆಯಲ್ಲಿ ಅಡಗಿದೆಯೆಂದರೆ ಆಶ್ಚರ್ಯವಲ್ಲವೆ?

ಮೇಲ್ಮೈಯಲ್ಲಿರುವ ಪರಮಾಣುಗಳ ಪಾಡು ಒಳಗಿನವುಗಳ ಪಾಡಿನಂತಲ್ಲ. ಒಳಗಿನ ಪರಮಾಣುವಿಗೆ ಎಲ್ಲ ಕಡೆಗಳಲ್ಲಿಯೂ ನೆರೆಯವರಿರುವರು. ಹೊರಗಿನದಕ್ಕೆ ಒಂದು ಕಡೆ ಬಯಲು. ಅದರ ಕೈಯೊಂದು ಬರಿದಾಗಿರುವುದು. ನೀರಿನಲ್ಲಿ ಮುಳುಗಿದಾಗ ಅಲ್ಯೂಮಿನದ ಈ ಬರಿಗೈಗಳು ಹೈಡ್ರಾಕ್ಸಿಲ್ ಗುಂಪುಗಳನ್ನು ಹಿಡಿಯುವುವು. ನೀರು ತುಸು ಆಮ್ಲೀಯವಾಗಿದ್ದರೆ ಈ ಗುಂಪುಗಳು ಧನವಿದ್ಯುದಂಶವನ್ನು ಪಡೆದು ಋಣವಿದ್ಯುದಂಶವುಳ್ಳ ಫ್ಲೋರೈಡನ್ನು ಸೆಳೆಯುವುವು. ಪಿ.ಎಚ್. 5.5ರಿಂದ 6ರ ಆಸುಪಾಸಿನಲ್ಲಿ ಈ ಸೆಳೆತ ಅತ್ಯುತ್ತಮ. ಪಿ.ಎಚ್. 8ನ್ನು ಮೀರಿ ಮೇಲೇರಿದಂತೆ ಸೆಳೆತ ಕುಗ್ಗಿ, ಕೊನೆಗೆ ವಿಕರ್ಷಣೆಯೇ ಮೇಲುಗೈಯಾಗುವುದು. ತೊಡಕು ಇರುವುದು ಇಲ್ಲಿ: ಫ್ಲೋರೈಡು ಹೆಚ್ಚಾಗಿರುವ ಅಂತರ್ಜಲ ಸಾಮಾನ್ಯವಾಗಿ ಕ್ಷಾರೀಯ. ಪ್ರಯೋಗಶಾಲೆಯ ಶುದ್ಧ ದ್ರಾವಣದಲ್ಲಿ ಗೆದ್ದ ದ್ರವ್ಯವು ಬಾವಿಯ ನೀರಿನಲ್ಲಿ ಸೋಲಬಹುದು.

ಅಲ್ಲದೆ ಮೇಲ್ಮೈಯೆಲ್ಲ ತುಂಬಿದ ಮೇಲೆ ಅಲ್ಯೂಮಿನವನ್ನು ಕ್ಷಾರದಿಂದ ತೊಳೆದು, ಆಮ್ಲದಿಂದ ಸರಿಪಡಿಸಿ ಮತ್ತೆ ಹೂಡಬೇಕು. ಈ ಕೆಲಸ ತಪ್ಪಿದರೆ ಶೋಧಕವು ಹೆಸರಿಗೆ ಮಾತ್ರ ಶೋಧಕ. ಈಗ ಹಳ್ಳಿಗಳಲ್ಲಿ ಕಾಣುವ ಶುದ್ಧ ನೀರಿನ ಘಟಕಗಳಲ್ಲಿ ಬಹುಮಟ್ಟಿಗೆ ಬೇರೊಂದು ವಿಧಾನವುಂಟು: ತೆಳುವಾದ ಪೊರೆಯೊಂದರ ಮೂಲಕ ನೀರನ್ನು ಒತ್ತಿ ಹಾಯಿಸುವುದು. ಅದು ಚೆನ್ನಾಗಿಯೇ ಕೆಲಸ ಮಾಡುವುದು. ಆದರೆ ಪೊರೆಯನ್ನು ದಾಟದೆ ಉಳಿದ ನೀರಿನಲ್ಲಿ ಲವಣ, ಫ್ಲೋರೈಡು ಎರಡೂ ಸಾಂದ್ರವಾಗಿರುವುವು. ನೀರಿಗೆ ಬರವಿರುವ ಊರಿನಲ್ಲಿ ಅದನ್ನು ಚೆಲ್ಲುವುದೂ ನಷ್ಟ, ಎಲ್ಲಿ ಚೆಲ್ಲಬೇಕೆಂಬುದೂ ಪ್ರಶ್ನೆ. ಕ್ಷಾರೀಯ ನೀರಿನಲ್ಲಿಯೂ ಫ್ಲೋರೈಡನ್ನು ಆರಿಸಿ ಹಿಡಿಯುವ, ಸುಲಭವಾಗಿ ತೊಳೆಯಬಹುದಾದ, ಅಗ್ಗದ ದ್ರವ್ಯ ಬೇಕಾಗಿದೆ. ಇದು ದ್ರವ್ಯವಿಜ್ಞಾನದ ಜೀವಂತ ಸಮಸ್ಯೆ.

ಬಿಸಿಲಿನ ಬೆಳೆ

ಇನ್ನು ಪಾವಗಡದ ಮತ್ತೊಂದು ಸಂಪತ್ತಾದ ಬಿಸಿಲಿನ ಕಡೆ ತಿರುಗೋಣ. ತಿರುಮಣಿ, ವಳ್ಳೂರು, ಬಾಲಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಎಂಬ ಐದು ಗ್ರಾಮಗಳ ಸುಮಾರು 13,000 ಎಕರೆ ಜಮೀನಿನಲ್ಲಿ ‘ಶಕ್ತಿ ಸ್ಥಳ’ ಎಂಬ ಸೌರ ವಿದ್ಯುತ್ ಉದ್ಯಾನ ಹರಡಿದೆ. 2018ರ ಮಾರ್ಚಿಯಲ್ಲಿ ಉದ್ಘಾಟನೆಗೊಂಡು 2019ರ ಕೊನೆಯ ವೇಳೆಗೆ ಅದು 2,050 ಮೆಗಾವಾಟುಗಳ ಪೂರ್ಣ ಸಾಮರ್ಥ್ಯವನ್ನು ಮುಟ್ಟಿತು. ರೈತರು ಜಮೀನನ್ನು ಮಾರಲಿಲ್ಲ. ಎಕರೆಗೆ ವರ್ಷಕ್ಕೆ 21,000 ರೂಪಾಯಿಗಳಂತೆ ಆರಂಭಿಸಿ ಕಾಲಕಾಲಕ್ಕೆ ಏರುವ ಗುತ್ತಿಗೆಗೆ ಕೊಟ್ಟರು. ಮಳೆಯನ್ನು ನಂಬಿ ಕಡಲೆಕಾಯಿ ಬಿತ್ತಿ ಕೈಸುಟ್ಟುಕೊಂಡವರಿಗೆ ಇದು ನಿಶ್ಚಿತವಾದ ಆದಾಯ. ಜಮೀನಿಲ್ಲದೆ ಅಲ್ಲಿ ಕೂಲಿ ಮಾಡುತ್ತಿದ್ದವರಿಗೆ ಮಾತ್ರ ಈ ಗುತ್ತಿಗೆಯ ಪಾಲಿಲ್ಲವೆಂಬುದನ್ನೂ ಮರೆಯಬಾರದು.

ಸೌರ ಫಲಕದ ಜೀವಾಳ ಸಾಮಾನ್ಯವಾಗಿ ಸಿಲಿಕಾನ್. ಅದರಲ್ಲಿ ಬಂಧಿತವಾದ ಎಲೆಕ್ಟ್ರಾನು ಬಿಡುಗಡೆ ಹೊಂದಲು 1.1 ಎಲೆಕ್ಟ್ರಾನ್-ವೋಲ್ಟು ಶಕ್ತಿ ಬೇಕು. ಇದಕ್ಕಿಂತ ಕಡಮೆ ಶಕ್ತಿಯ ಬೆಳಕು ಸುಮ್ಮನೆ ಹಾಯ್ದು ಹೋಗುವುದು. ಹೆಚ್ಚಿನ ಶಕ್ತಿಯ ಬೆಳಕಿನಲ್ಲಿ ಮಿಕ್ಕ ಭಾಗ ಶಾಖವಾಗಿ ವ್ಯರ್ಥವಾಗುವುದು. ಆದುದರಿಂದ ಇಂಥ ಒಂದೇ ಸಂಧಿಯ ಕೋಶವು ಬಿಸಿಲಿನ ಶಕ್ತಿಯ ಮೂರನೆಯ ಒಂದು ಪಾಲಿಗಿಂತ ಹೆಚ್ಚನ್ನು ವಿದ್ಯುತ್ತಾಗಿ ಮಾರ್ಪಡಿಸಲಾರದು. ಇಲ್ಲಿಯೂ ಮೇಲ್ಮೈ ತನ್ನ ಕೈಚಳಕವನ್ನು ತೋರದೆ ಬಿಡುವುದಿಲ್ಲ. ಸಿಲಿಕಾನಿನ ಹೊರಮೈಯ ಪರಮಾಣುಗಳ ಬರಿಗೈಗಳು ಬಿಡುಗಡೆಯಾದ ಎಲೆಕ್ಟ್ರಾನುಗಳನ್ನು ಹಿಡಿದು ನುಂಗಿಬಿಡುವುವು. ಇದನ್ನು ತಡೆಯಲು ಸಿಲಿಕಾನ್ ನೈಟ್ರೈಡಿನ ತೆಳುಲೇಪನವನ್ನು ಕೊಡುವರು. ಫಲಕಗಳು ನೀಲಿಯಾಗಿ ಕಾಣುವುದೂ ಆ ಲೇಪನದಿಂದಲೇ.

ಹಗಲಿನ ವಿದ್ಯುತ್ತನ್ನು ಇರುಳಿಗೆ ಉಳಿಸುವುದು ಹೇಗೆ? ವಿದ್ಯುತ್ ಕೋಶಗಳಲ್ಲಿ ತುಂಬಿಡುವುದು ಒಂದು ಮಾರ್ಗ. ನೀರನ್ನು ವಿದ್ಯುತ್ತಿನಿಂದ ಒಡೆದು ಜಲಜನಕವನ್ನು ಶೇಖರಿಸುವುದು ಇನ್ನೊಂದು. ಈ ಎರಡನೆಯ ಮಾರ್ಗದಲ್ಲಿ ನಾವು ಕ್ರಿಯಾವರ್ಧನೆಯ ಪಾಠವನ್ನು ಸಂಧಿಸುವೆವು.

ಬೆಟ್ಟವನ್ನು ಬಳಸುವ ದಾರಿ

ಮಧುಗಿರಿ ಬೆಟ್ಟದ ಈ ಬುಡದಿಂದ ಆ ಬುಡಕ್ಕೆ ಹೋಗಬೇಕಾದವನು ಕೋಟೆಯ ನೆತ್ತಿಯನ್ನೇ ಹತ್ತಿ ಇಳಿಯುವುದಿಲ್ಲ. ತಗ್ಗಿನ ದಾರಿಯನ್ನು ಹುಡುಕಿ ಬಳಸಿ ಹೋಗುವನು. ರಾಸಾಯನಿಕ ಕ್ರಿಯೆಗೆ ಇಂಥ ತಗ್ಗಿನ ದಾರಿಯನ್ನು ತೋರುವ ವಸ್ತುವೇ ಕ್ರಿಯಾವರ್ಧಕ. ಅದು ಹೊರಡುವ ಊರಿನ ಎತ್ತರವನ್ನಾಗಲಿ ಸೇರುವ ಊರಿನ ಎತ್ತರವನ್ನಾಗಲಿ ಬದಲಿಸದು. ನಡುವಿನ ಏರನ್ನು ಮಾತ್ರ ತಗ್ಗಿಸುವುದು. ಇದಕ್ಕೆ ಸ್ವೀಡನ್ನಿನ ಬರ್ಜೀಲಿಯಸ್ 1835ರಲ್ಲಿ ಹೆಸರಿಟ್ಟ. ಒಳ್ಳೆಯ ಕ್ರಿಯಾವರ್ಧಕದ ಲಕ್ಷಣವನ್ನು ಫ್ರಾನ್ಸಿನ ಸಬಾಟಿಯೆ ಕಂಡುಕೊಂಡ. ಅದು ಅಣುವನ್ನು ಹಿಡಿಯಬೇಕು, ಆದರೆ ತೀರ ಬಿಗಿಯಾಗಿ ಹಿಡಿಯಬಾರದು. ಸಡಿಲವಾಗಿ ಹಿಡಿದರೆ ಕ್ರಿಯೆ ನಡೆಯದು. ಬಿಗಿಯಾಗಿ ಹಿಡಿದರೆ ಉತ್ಪನ್ನವು ಜಾಗ ಬಿಟ್ಟು ಹೋಗದು. ಫ್ಲೋರೈಡನ್ನು ಹಿಡಿಯುವ ದ್ರವ್ಯಕ್ಕೂ ಇಂಥದೇ ಮಾತು ಸಲ್ಲುವುದೆಂಬುದನ್ನು ವಾಚಕರು ಗಮನಿಸಬೇಕು. ಬಿಗಿಯಾಗಿ ಹಿಡಿಯದಿದ್ದರೆ ನೀರು ಶುದ್ಧವಾಗದು. ತೊಳೆದಾಗ ಬಿಡದಿದ್ದರೆ ಶೋಧಕ ಒಮ್ಮೆಗೇ ಮುಗಿಯಿತು.

ನೀರನ್ನು ಒಡೆಯಲು ಸಿದ್ಧಾಂತದ ಪ್ರಕಾರ 1.23 ವೋಲ್ಟುಗಳು ಸಾಕು. ವ್ಯವಹಾರದಲ್ಲಿ 1.8ರಿಂದ 2 ವೋಲ್ಟುಗಳು ಬೇಕಾಗುವುವು. ಈ ಹೆಚ್ಚಳದ ದೊಡ್ಡ ಪಾಲು ಏರನ್ನು ಹತ್ತಲು ತೆರುವ ಸುಂಕ. ಜಲಜನಕ ಬಿಡುಗಡೆಯಾಗುವ ಕಡೆ ಪ್ಲಾಟಿನಮ್ಮು ಶ್ರೇಷ್ಠ ಕ್ರಿಯಾವರ್ಧಕ. ಆಮ್ಲಜನಕ ಬಿಡುಗಡೆಯಾಗುವ ಕಡೆ ನಾಲ್ಕು ಎಲೆಕ್ಟ್ರಾನುಗಳು ಸಾಲಾಗಿ ಕೈಬದಲಾಯಿಸಬೇಕಾದುದರಿಂದ ಅಲ್ಲಿನ ಏರು ಇನ್ನೂ ಕಡಿದು. ಆಮ್ಲೀಯ ಮಾಧ್ಯಮದಲ್ಲಿ ಅಲ್ಲಿ ತಾಳಿ ನಿಲ್ಲುವುದು ಇರಿಡಿಯಮ್ಮಿನ ಆಕ್ಸೈಡು. ಇಡೀ ಪ್ರಪಂಚದಲ್ಲಿ ವರ್ಷಕ್ಕೆ ಹತ್ತು ಟನ್ನಿಗಿಂತಲೂ ಕಡಮೆ ದೊರೆಯುವ ಲೋಹ ಇದು. ಕ್ಷಾರೀಯ ಮಾಧ್ಯಮದಲ್ಲಾದರೆ ಅಗ್ಗದ ನಿಕ್ಕಲು, ಕಬ್ಬಿಣಗಳಿಂದ ಕೆಲಸ ಸಾಗಿಸಬಹುದು.

ಇಲ್ಲಿ ಇನ್ನೊಂದು ಲೆಕ್ಕ. ಒಂದು ಕಿಲೋಗ್ರಾಂ ಜಲಜನಕವನ್ನು ಪಡೆಯಲು ಈಗ ಸುಮಾರು 50 ಯೂನಿಟ್ಟು ವಿದ್ಯುತ್ತೂ ಕನಿಷ್ಠ 9 ಲೀಟರು ನೀರೂ ಬೇಕು. ಪಾವಗಡದ ಉದ್ಯಾನ ಪೂರ್ಣ ಸಾಮರ್ಥ್ಯದಿಂದ ನಡೆಯುವ ಒಂದು ಗಂಟೆಯ ವಿದ್ಯುತ್ತನ್ನೆಲ್ಲ ಇದಕ್ಕೆ ಹೂಡಿದೆವೆಂದು ಭಾವಿಸೋಣ. ಸುಮಾರು 41,000 ಕಿಲೋಗ್ರಾಂ ಜಲಜನಕ ಬರುವುದು. ಅದಕ್ಕಾಗಿ ಮೂರೂವರೆ ಲಕ್ಷ ಲೀಟರಿಗೂ ಮೀರಿ ಶುದ್ಧ ನೀರು ಖರ್ಚಾಗುವುದು. ಬಿಂದಿಗೆಗಳನ್ನು ಸಾಲಾಗಿಟ್ಟು ಕಾಯುವ ಊರಿನಲ್ಲಿ ಈ ಅಂಕಿಯನ್ನು ಹಗುರವಾಗಿ ನುಡಿಯುವಂತಿಲ್ಲ. ಬಿಸಿಲಿದ್ದ ಮಾತ್ರಕ್ಕೆ ಜಲಜನಕವನ್ನು ಅಲ್ಲಿಯೇ ತಯಾರಿಸುವುದು ಜಾಣತನವೆಂದು ಹೇಳಲಾಗದು. ಹೀಗೆ ಲೆಕ್ಕ ಹಾಕಿ ನೋಡಿ ಆಮೇಲೆ ಮಾತನಾಡುವುದನ್ನು ಕಲಿಸುವುದೂ ವಿಜ್ಞಾನದ ಪಾಠದ ಒಂದು ಕರ್ತವ್ಯ.

ಕಾಗದದ ಮೇಲಿನ ಪ್ರಯೋಗ

ಒಳ್ಳೆಯ ಕ್ರಿಯಾವರ್ಧಕವನ್ನು ಹುಡುಕುವ ಬಗೆ ಯಾವುದು? ಗಾಳಿಯ ಸಾರಜನಕದಿಂದ ಅಮೋನಿಯವನ್ನು ತಯಾರಿಸುವ ಕಾರ್ಖಾನೆ ಜರ್ಮನಿಯಲ್ಲಿ 1913ರಲ್ಲಿ ಪ್ರಾರಂಭವಾಗುವ ಮುನ್ನ, ಅದಕ್ಕೆ ತಕ್ಕ ಕ್ರಿಯಾವರ್ಧಕವನ್ನು ಅರಸಿ ಮಿಟ್ಟಾಶ್ ಮತ್ತು ಅವನ ಸಂಗಡಿಗರು ಸಾವಿರಾರು ಮಿಶ್ರಣಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಅಷ್ಟು ಶ್ರಮಪಡದೆ ಮೊದಲೇ ಲೆಕ್ಕ ಹಾಕಿ ಆರಿಸಲಾಗದೆ? ಗಣನ ರಸಾಯನದ ಹಿಂದಿರುವ ಆಸೆ ಇದು.

ಲೆಕ್ಕದ ಸೂತ್ರ 1926ರಲ್ಲಿಯೇ ಶ್ರೋಡಿಂಗರನಿಂದ ದೊರೆಯಿತು. ಆದರೆ ಅದನ್ನು ಬಿಡಿಸುವುದು ದುಸ್ಸಾಧ್ಯ. ನೀರಿನ ಒಂದು ಅಣುವಿನಲ್ಲಿ 10 ಎಲೆಕ್ಟ್ರಾನುಗಳಿವೆ. ಒಂದೊಂದರ ಸ್ಥಾನವನ್ನು ತಿಳಿಸಲು ಮೂರು ಸಂಖ್ಯೆಗಳಂತೆ ಒಟ್ಟು 30 ಚರಗಳಾದುವು. ಒಂದೊಂದು ಚರಕ್ಕೂ ಹತ್ತೇ ಬೆಲೆಗಳನ್ನು ಇಟ್ಟುಕೊಂಡರೂ ಬರೆಯಬೇಕಾದ ಪಟ್ಟಿಯಲ್ಲಿ 1ರ ಮುಂದೆ 30 ಸೊನ್ನೆಗಳಷ್ಟು ಮನೆಗಳಾಗುವುವು. ಯಾವ ಯಂತ್ರಕ್ಕೂ ಇದು ಸಾಧ್ಯವಿಲ್ಲ. 1964ರಲ್ಲಿ ಹೋಹೆನ್‌ಬರ್ಗ್ ಮತ್ತು ಕೋನ್ ಒಂದು ಸುಲಭೋಪಾಯವನ್ನು ಸಾಧಿಸಿ ತೋರಿಸಿದರು. ಪ್ರತಿ ಎಲೆಕ್ಟ್ರಾನಿನ ಜಾಡನ್ನೂ ಹಿಡಿಯಬೇಕಾಗಿಲ್ಲ. ಯಾವ ಜಾಗದಲ್ಲಿ ಎಲೆಕ್ಟ್ರಾನುಗಳು ಎಷ್ಟು ದಟ್ಟವಾಗಿವೆಯೆಂದು ತಿಳಿದರೆ, ತಾತ್ತ್ವಿಕವಾಗಿ, ಎಲ್ಲವೂ ತಿಳಿದಂತೆಯೇ. ಕಣದಲ್ಲಿ ರಾಶಿಯನ್ನು ಅಳೆಯುವ ರೈತನು ಕಾಳುಗಳನ್ನು ಎಣಿಸುವನೆ? ದಟ್ಟಣೆಯ ಪಟ್ಟಿಗೆ ಮೂರೇ ಚರಗಳು ಸಾಕು. ಹತ್ತು ಹತ್ತು ಬೆಲೆಗಳಂತೆ ಸಾವಿರ ಮನೆಗಳು. ಈ ವಿಧಾನಕ್ಕಾಗಿ ಕೋನ್‌ಗೆ 1998ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಲಭಿಸಿತು. ಕೋನ್ ಮೂಲತಃ ಭೌತವಿಜ್ಞಾನಿಯೆಂಬುದನ್ನು ನಾವು ಸ್ವಲ್ಪ ಹೆಮ್ಮೆಯಿಂದಲೇ ಸೂಚಿಸಬಹುದು.

ಇದರ ಫಲಕ್ಕೆ ಒಂದು ನಿದರ್ಶನ. ಮಾಲಿಬ್ಡಿನಂ ಡೈಸಲ್ಫೈಡು ಹಾಳೆಹಾಳೆಯಾಗಿರುವ ಕಪ್ಪು ದ್ರವ್ಯ. ಯಂತ್ರಗಳ ಕೀಲುಗಳಿಗೆ ಜಾರುಪುಡಿಯಾಗಿ ಬಳಕೆಯಲ್ಲಿರುವುದು. ಅದರ ಹಾಳೆಗಳ ಅಂಚಿನ ಪರಮಾಣುಗಳು ಜಲಜನಕವನ್ನು ಬಿಗಿಯೂ ಅಲ್ಲದೆ ಸಡಿಲವೂ ಅಲ್ಲದೆ ಹಿಡಿಯುವುವೆಂದು 2005ರಲ್ಲಿ ಡೆನ್ಮಾರ್ಕಿನ ನರ್ಸ್ಕೊವ್ ಮತ್ತು ಸಂಗಡಿಗರು ಲೆಕ್ಕದಿಂದ ತೋರಿಸಿದರು. 2007ರಲ್ಲಿ ಪ್ರಯೋಗವೂ ಇದನ್ನು ಸಮರ್ಥಿಸಿತು: ಕ್ರಿಯೆಯ ವೇಗ ಹಾಳೆಗಳ ವಿಸ್ತಾರವನ್ನಲ್ಲ, ಅಂಚಿನ ಉದ್ದವನ್ನೇ ಅನುಸರಿಸಿತು. ನಮ್ಮ ನಾಡಿನಲ್ಲಿಯೂ ಈ ಎಳೆ ಮುಂದುವರಿಯಿತು. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಸಿ. ಎನ್. ಆರ್. ರಾವ್ ಅವರೂ ಸಹೋದ್ಯೋಗಿಗಳೂ 2013ರಲ್ಲಿ ಇದೇ ದ್ರವ್ಯವನ್ನು ಸಾರಜನಕ ಬೆರೆತ ಗ್ರಾಫೀನಿನೊಡನೆ ಕೂಡಿಸಿದರು. ರಂಗುದ್ರವ್ಯವೊಂದರ ನೆರವಿನಿಂದ, ಕಣ್ಣಿಗೆ ಕಾಣುವ ಬೆಳಕಿನಲ್ಲಿಯೇ ಜಲಜನಕವನ್ನು ಬಿಡಿಸಿ ತೋರಿಸಿದರು.

ಆದರೂ ಲೆಕ್ಕವನ್ನು ದೇವವಾಣಿಯೆಂದು ಬಗೆಯಬಾರದು. ಇದೇ ದಟ್ಟಣೆಯ ವಿಧಾನವನ್ನು ಅದರ ಸಾಮಾನ್ಯ ರೂಪದಲ್ಲಿ ಸಿಲಿಕಾನಿಗೆ ಅನ್ವಯಿಸಿದರೆ 1.1 ಎಲೆಕ್ಟ್ರಾನ್-ವೋಲ್ಟಿಗೆ ಬದಲಾಗಿ ಹೆಚ್ಚುಕಡಮೆ ಅದರ ಅರ್ಧದಷ್ಟೇ ಬರುವುದು. ಲೆಕ್ಕವು ಎಲ್ಲಿ ಅಗೆಯಬೇಕೆಂದು ಸೂಚಿಸುವುದು. ನೀರು ಬಂದಿತೆ ಇಲ್ಲವೆ ಎಂಬುದನ್ನು ಅಗೆದೇ ತಿಳಿಯಬೇಕು.

ಮೂರು ಪಾಠಗಳು, ಒಂದು ಪ್ರಶ್ನೆ

ವಿದ್ಯಾರ್ಥಿಯ ಮೊದಲ ಪ್ರಶ್ನೆಗೆ ಈಗ ಉತ್ತರ ಸಿದ್ಧವಾಗಿದೆ. ಘನವಸ್ತುವಿನ ಹೊರಮೈಯಲ್ಲಿ ಬರಿಗೈಯಾಗಿ ನಿಂತ ಪರಮಾಣು ತನ್ನ ಬಳಿಗೆ ಬಂದುದನ್ನು ಎಷ್ಟು ಬಿಗಿಯಾಗಿ ಹಿಡಿಯುವುದು? ನಾವು ನೋಡಿದ ಮೂರು ಪಾಠಗಳೂ ಈ ಒಂದೇ ಪ್ರಶ್ನೆಯ ಸುತ್ತ ತಿರುಗಿದುವು. ಅಂಥ ಹೊರಮೈಯನ್ನು ರಚಿಸುವುದು ದ್ರವ್ಯವಿಜ್ಞಾನ. ಅದರ ಹಿಡಿತದಿಂದ ಕ್ರಿಯೆಯನ್ನು ನಡೆಸುವುದು ಕ್ರಿಯಾವರ್ಧನೆ. ಆ ಹಿಡಿತವನ್ನು ಮುಂಚಿತವಾಗಿ ಅಂದಾಜು ಮಾಡುವುದು ಗಣನೆ.

ಎರಡನೆಯ ಪ್ರಶ್ನೆ ಊರಿನ ಪ್ರಯೋಜನದ್ದು. ತುಂಗಭದ್ರೆಯ ನೀರನ್ನು ಕುಡಿಯಲು ಪಾವಗಡಕ್ಕೆ ತರುವಂಥ ಕಾರ್ಯಗಳಿಗೆ ರಸಾಯನಶಾಸ್ತ್ರ ಬದಲಿಯಲ್ಲ. ಆದರೆ ದೂರದ ನದಿಯ ನೀರು ಬಂದರೂ ಕೊಳವೆ ಬಾವಿಗಳು ಮುಚ್ಚಿಹೋಗುವುದಿಲ್ಲ. ಯಾವ ಬಾವಿಯ ನೀರು ಮಗುವಿಗೆ ಯೋಗ್ಯ, ಯಾವುದು ಅಲ್ಲ ಎಂಬುದನ್ನು ತಿಳಿದಿರಲೇಬೇಕು. ಅದಕ್ಕೆ ಪದವಿಯವರೆಗೆ ಕಾಯಬೇಕಾಗಿಯೂ ಇಲ್ಲ. ಜಿರ್ಕೋನಿಯಂ ಲವಣವನ್ನೂ ಅಲಿಝರಿನ್ ಎಂಬ ರಂಗುದ್ರವ್ಯವನ್ನೂ ಕೂಡಿಸಿದಾಗ ಕೆಂಪು ಬಣ್ಣ ಬರುವುದು; ಫ್ಲೋರೈಡುಳ್ಳ ನೀರನ್ನು ಹಾಕಿದರೆ ಫ್ಲೋರೈಡು ಜಿರ್ಕೋನಿಯಮ್ಮನ್ನು ಸೆಳೆದುಕೊಳ್ಳುವುದರಿಂದ ಕೆಂಪು ಮಾಸಿ ಹಳದಿಯಾಗುವುದು. ಇದು ಕಾಲೇಜಿನ ಪ್ರಯೋಗಶಾಲೆಯಲ್ಲಿ ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ನಡೆಸಬಹುದಾದ ಪರೀಕ್ಷೆ.

ಆ ಹುಡುಗನಿಗೆ ನಾವು ಕೊಟ್ಟ ಸಲಹೆ ಇಷ್ಟೇ: ರಜೆಯಲ್ಲಿ ಊರಿಗೆ ಹೋದಾಗ ನಿನ್ನ ಊರಿನ ಒಂದೊಂದು ಬಾವಿಯಿಂದಲೂ ಒಂದೊಂದು ಸೀಸೆ ನೀರು ತಾ, ಬಾವಿಯ ಆಳವನ್ನೂ ತಂದ ದಿನವನ್ನೂ ಚೀಟಿಯಲ್ಲಿ ಬರೆದು ಅಂಟಿಸು. ಸೀಸೆ ಗಾಜಿನದಾಗಿರುವುದು ಬೇಡ, ಪ್ಲಾಸ್ಟಿಕ್ಕಿನದಾಗಿರಲಿ. ಫ್ಲೋರೈಡು ಗಾಜಿನ ಮೇಲ್ಮೈಯೊಡನೆಯೂ ವ್ಯವಹಾರ ಹೂಡೀತು.

ಮುಂದಿನ ತಿಂಗಳು ಅವನು ಹನ್ನೊಂದು ಸೀಸೆಗಳನ್ನು ತಂದ. ಹನ್ನೊಂದಕ್ಕೂ ಚೀಟಿಯಿತ್ತು.